ಪಂಢರಿ ನೋಡದ ಸಮುದ್ರ

ಬೀದರಿಗೆ ಸಮುದ್ರ ಬಂದದ್ದು ಲಾರಿಯಲ್ಲಿ, ಹೋದದ್ದು ಗಟಾರದಲ್ಲಿ. ನಡುವಿನ ಕೆಲವು ತಿಂಗಳು ಅದು ಸಪ್ತಸಾಗರ ಮಾಲ್ ಎಂಬ ಹೊಸ ಕಟ್ಟಡದೊಳಗೆ, ಎರಡು ಅಂತಸ್ತಿನಷ್ಟು ಎತ್ತರದ ಗಾಜಿನ ಅಕ್ವೇರಿಯಮ್ಮಿನಲ್ಲಿ ನಿಂತಿತ್ತು. ಆಗ ಊರಿನಲ್ಲಿ ಎರಡೇ ಜಾತಿ: ನೋಡಿದವರು ಮತ್ತು ನೋಡದವರು. ಅದು ಒಡೆದ ಸೋಮವಾರ ಮೂರನೆಯದೊಂದು ಹುಟ್ಟಿತು. ನೋಡದೆಯೂ ನೋಡಿದವರು. ಅದರ ಸ್ಥಾಪಕ, ಅಧ್ಯಕ್ಷ ಮತ್ತು ಏಕೈಕ ಸದಸ್ಯ ನಮ್ಮ ಓಣಿಯ ಪಂಢರಿ.

ಪಂಢರಿ ಔರಾದ ಕಡೆಯವನು. ಕೊಳಾರದ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಬಂದ ಸರಕು, ಹೋದ ಸರಕು ಎಣಿಸುವ ನೌಕರಿ. ಎಣಿಕೆ ತಪ್ಪಿದರೆ ಮೊದಲಿನಿಂದ ಎಣಿಸುವ ತಾಳ್ಮೆ ಅವನಿಗಿತ್ತು. ಎಣಿಕೆ ಸರಿಯಿದ್ದಾಗಲೂ ಅನುಮಾನ ಬಂದು ಮೊದಲಿನಿಂದ ಎಣಿಸುವ ಚಟವೂ ಇತ್ತು. ಕೆಟ್ಟವನಲ್ಲ. ಯಾರು ಏನು ಹೇಳಿದರೂ ಮೊದಲು 'ಹೂಂ' ಅಂದು, ಆಮೇಲೆ ಯಾತಕ್ಕೆ ಅಂದೆ ಎಂದು ಮನೆಗೆ ಬಂದು ಯೋಚಿಸುವವನು. ಈ ದೇಶದ ಅರ್ಧ ವ್ಯವಹಾರ ನಡೆಯುತ್ತಿರುವುದು ಇಂಥ 'ಹೂಂ'ಗಳ ಮೇಲೆಯೇ ಆದ್ದರಿಂದ ಅವನೊಬ್ಬನನ್ನೇ ದೂರುವಂತಿಲ್ಲ.

ಅವನ ಹೆಂಡತಿ ಶೇವಂತಾಬಾಯಿ ಭಾಲ್ಕಿಯ ಹೆಣ್ಣುಮಗಳು. ಸಮುದ್ರದ ವಿಷಯದಲ್ಲಿ ಗಂಡನ ಮೇಲೆ ಅವಳದೊಂದು ಹಳೆಯ ದಾವೆ ಇತ್ತು. ಮದುವೆಯಾದ ವರ್ಷ ಡಿಸೆಂಬರ್ ಆರಕ್ಕೆ, ಬಾಬಾಸಾಹೇಬರ ಪರಿನಿರ್ವಾಣದ ದಿನಕ್ಕೆಂದು, ಓಣಿಯವರೆಲ್ಲ ಮುಂಬೈ ರೈಲು ಹತ್ತಿದಾಗ ಈ ಇಬ್ಬರೂ ಹತ್ತಿದ್ದರು. ದಾದರಿನ ಚೈತ್ಯಭೂಮಿಯಲ್ಲಿ ಲಕ್ಷಾಂತರ ಜನರ ಸರದಿಯಲ್ಲಿ ನಿಂತು, ಬಾಬಾಸಾಹೇಬರಿಗೆ ಕೈ ಮುಗಿದು ಹೊರಬೀಳುವಾಗ ಗೋಡೆಯ ಆಚೆ ಸಮುದ್ರದ ಸಪ್ಪಳ ಕೇಳಿಸಿತು. ಗಾಳಿ ಅವಳ ತುಟಿಗೆ ಉಪ್ಪು ಹಚ್ಚಿ ಹೋಯಿತು. ಶೇವಂತಾಬಾಯಿ ಆ ಕಡೆ ತಿರುಗಿದಳು. ಅಷ್ಟರಲ್ಲಿ ಪಂಢರಿ ರೈಲು ತಪ್ಪುತ್ತದೆಂದು ಅವಳ ಕೈ ಹಿಡಿದು ಈ ಕಡೆ ಎಳೆದ. ಏದುಸಿರು ಬಿಡುತ್ತ ನಿಲ್ದಾಣಕ್ಕೆ ಬಂದು ನೋಡಿದರೆ ಅವರ ರೈಲು ಮರುದಿನದ್ದು. ಪ್ಲಾಟ್‌ಫಾರ್ಮಿನಲ್ಲಿ ಕೂತು ಅವನು, ಮುಂದಿನ ವರ್ಷ ಖಂಡಿತ ತೋರಿಸುತ್ತೇನೆ ಎಂದ. ಮುಂದಿನ ವರ್ಷ ಬಾಣಂತನ ಬಂತು, ಅದರ ಮುಂದಿನ ವರ್ಷ ಇನ್ನೇನೋ ಬಂತು. ಆಗ ಹುಟ್ಟಿದ ಮಗಳು ಈಗ ಕಲಬುರಗಿಯ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಸಮುದ್ರ ಮಾತ್ರ ಇನ್ನೂ ಗೋಡೆಯ ಆಚೆಯೇ ಇತ್ತು.

ಹೀಗಿರುವಾಗ ಸಮುದ್ರವೇ ಬೀದರಿಗೆ ಬಂದಿದೆ ಎಂದರೆ ಶೇವಂತಾಬಾಯಿಗೆ ಹೇಗಾಗಬೇಡ. ಅವಳು ಬಹಳ ಕೇಳಲಿಲ್ಲ. "ಮುಂಬೈ ಬ್ಯಾಡ್ರಿ ನಂಗ. ಇದೇ ಒಂದ್ಸಲ ತೋರಿಸ್ರಿ. ಆಟೋದಾಗ ಹೋಗಿ ಬರೋಣು" ಎಂದಳು. ಪಂಢರಿ 'ಹೂಂ' ಎಂದ. ನೀಲಿ ಇಳಕಲ್ ಸೀರೆ ಟ್ರಂಕಿನೊಳಗಿಂದ ಟ್ರಂಕಿನ ಮೇಲಕ್ಕೆ ಬಂತು. ಆದರೆ ಪಂಢರಿಗೆ ವಾರದ ರಜೆ ಸೋಮವಾರ, ಅಕ್ವೇರಿಯಂ ಬಂದ್ ಇರುವುದೂ ಸೋಮವಾರ. ಬೇರೆ ದಿನ ರಜೆ ಕೇಳಿದರೆ ಮಾಲಕ ಮುಖ ತಿರುವುತ್ತಾನೆ ಎಂದು ಪಂಢರಿ ವಾರ ವಾರ ಹೇಳುತ್ತ ಬಂದ. ಸೀರೆಯ ಮೇಲೆ ಧೂಳು ಕೂರುತ್ತಿತ್ತು, ಅವಳು ಕೊಡವಿ ಮತ್ತೆ ಮಡಚಿಡುತ್ತಿದ್ದಳು. ಪಂಢರಿ ಮುಂದೂಡುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಅವಳಿಗೆ ಹೇಳದ್ದನ್ನು ನಿಮಗೆ ಮೊದಲೇ ಹೇಳುವುದು ನ್ಯಾಯವಲ್ಲ.

ಇನ್ನು ನಮ್ಮ ಓಣಿಯ ನೀರಿನ ಮಾತು. ಸಪ್ತಸಾಗರದ ಮೀನಿಗೆ ಹಗಲೂ ರಾತ್ರಿ ನೀರು, ಅದೂ ತಂಪು ಮಾಡಿದ ನೀರು. ನಮ್ಮ ಓಣಿಯ ನಲ್ಲಿ ಬೇಸಿಗೆಯಲ್ಲಿ ಕೆಮ್ಮುತ್ತದೆ, ಅಷ್ಟೆ. ಆಮೇಲೆ ಟ್ಯಾಂಕರ್. ಟ್ಯಾಂಕರ್ ಕೂಡ ತಾನಾಗಿ ಬರುವುದಿಲ್ಲ. ಹೊರಟದ್ದು ನಮ್ಮ ಹೆಸರಿಗಾದರೂ ದಾರಿಯಲ್ಲಿ ದೊಡ್ಡ ಮನೆಗಳ ಗೇಟುಗಳು ಅದನ್ನು ಕೈ ಹಿಡಿದು ಒಳಗೆ ಕರೆಯುತ್ತವೆ. ಅದಕ್ಕೇ ಓಣಿಯ ಒಬ್ಬ ಗಂಡಸು ನೀರು ತುಂಬುವ ಜಾಗಕ್ಕೆ ಹೋಗಿ, ಡ್ರೈವರನ ಪಕ್ಕ ಕೂತು, ಮದುಮಗನನ್ನು ಕರೆತರುವಂತೆ ಟ್ಯಾಂಕರನ್ನು ಕರೆತರಬೇಕು. ನಮ್ಮಜ್ಜಂದಿರಿಗೆ ಬಾವಿಯ ಹಗ್ಗ ಮುಟ್ಟಲು ಬಿಡುತ್ತಿರಲಿಲ್ಲ, ನಮಗೆ ಟ್ಯಾಂಕರಿನ ಸೀಟಿನ ತನಕ ಬಿಟ್ಟಿದ್ದಾರೆ. ಇದಕ್ಕೆ ಪ್ರಗತಿ ಎಂದು ಹೆಸರು.

ಆ ಸೋಮವಾರ ಕರೆತರುವ ಪಾಳಿ ಪಂಢರಿಯದು. ಟ್ಯಾಂಕರ್ ತುಂಬಿತು, ಪಂಢರಿ ಪಕ್ಕದಲ್ಲಿ ಕೂತ, ಹೊರಟರು. ಸಪ್ತಸಾಗರ ಮಾಲಿನ ಹಿಂದಿನ ರಸ್ತೆಯಲ್ಲಿ ಡ್ರೈವರ್ ಚಹಾ ಕುಡಿಯಲು ಇಳಿದ. ಟ್ಯಾಂಕರಿನ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತಿದ್ದುದು ಪಂಢರಿಗೆ ಕಂಡಿತು. ಓಣಿಯ ನೀರು, ಒಂದು ಹನಿಯೂ ಹಾಳಾಗಬಾರದು ಎಂಬ ಉನ್ನತ ಧ್ಯೇಯದಿಂದ ಇಳಿದು ವಾಲ್ವ್ ತಿರುಗಿಸಿದ. ತಿರುಗಿಸಬೇಕಾದ ದಿಕ್ಕಿಗಲ್ಲ. ಪೈಪ್ ಕಳಚಿ ನೀರು ಅವನ ಎದೆಗೆ ಗುದ್ದಿ ಆಚೆ ಕೆಡವಿತು. ಎದ್ದು ನಿಲ್ಲುವಷ್ಟರಲ್ಲಿ ಟ್ಯಾಂಕರ್ ಖಾಲಿ. ಡ್ರೈವರ್ ಚಹಾದ ಲೋಟ ಹಿಡಿದುಕೊಂಡೇ ಬಂದು, ಪಂಢರಿಯ ವಂಶಾವಳಿಯನ್ನು ಉರ್ದುವಿನಲ್ಲಿ ವಿಚಾರಿಸಿ, ಹೊರಟುಹೋದ.

ಇತ್ತ ಓಣಿಯಲ್ಲಿ ಹೆಂಗಸರು ಕೊಡಗಳ ಸಾಲು ಹಚ್ಚಿ ಬಿಸಿಲಿನಲ್ಲಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ದಾನಮ್ಮ, ಅವಳ ಹಿಂದೆ ಶೇವಂತಾಬಾಯಿ. ಆಕಾಶದಲ್ಲಿ ಒಂದು ಮೋಡದ ತುಣುಕಿಲ್ಲ. ಪಂಢರಿ ತಲೆಯಿಂದ ಕಾಲಿನವರೆಗೆ ತೊಯ್ದು, ಚಪ್ಪಲಿಯಲ್ಲಿ ಪಚಪಚ ಸದ್ದು ಮಾಡುತ್ತ, ಟ್ಯಾಂಕರಿಲ್ಲದೆ ಒಬ್ಬನೇ ನಡೆದು ಬಂದ. ಟ್ಯಾಂಕರ್ ಎಲ್ಲಿ ಎಂದು ದಾನಮ್ಮ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಆಟೋದ ಮಹಮ್ಮದ ಇಸ್ಮಾಯಿಲ ಓಣಿಯೊಳಗೆ ನುಗ್ಗಿ ಮೊಬೈಲ್ ಎತ್ತಿ ತೋರಿಸಿದ. ಸಪ್ತಸಾಗರದ ಅಕ್ವೇರಿಯಂ ಒಡೆದು ಚೂರಾಗಿತ್ತು. ರಸ್ತೆಯ ತುಂಬ ನೀರು, ನೀರಿನ ತುಂಬ ಮೀನು. ಎಲ್ಲರೂ ಮೊಬೈಲ್ ನೋಡಿದರು. ಆಮೇಲೆ ಎಲ್ಲರೂ ಪಂಢರಿಯನ್ನು ನೋಡಿದರು.

"ಪಂಢರಿಭಾಯಿ, ನೀ ಅಲ್ಲೇ ಇದ್ದಿ ಏನು?" ಎಂದು ಇಸ್ಮಾಯಿಲ ಕೇಳಿದ.

ಒಂದು ಕಡೆ ಖಾಲಿ ಕೊಡಗಳ ಸಾಲು, ಇನ್ನೊಂದು ಕಡೆ ಈ ಪ್ರಶ್ನೆ. ಪಂಢರಿ "ಹೂಂ" ಎಂದ.

ಕ್ಷಣಾರ್ಧದಲ್ಲಿ ಅವನ ಕೈಗೆ ಟವಲು ಬಂತು, ಕೂರಲು ಕುರ್ಚಿ ಬಂತು, ಓಣಿಯಲ್ಲಿ ನೀರಿಲ್ಲದಿದ್ದರೂ ಯಾರದೋ ಮನೆಯಿಂದ ಚಹಾ ಬಂತು. ರಸ್ತೆ ಬಂದಾಗಿದ್ದರಿಂದ ಟ್ಯಾಂಕರ್ ಹಿಂದಕ್ಕೆ ಹೋಯಿತು ಎಂದು ಜನರೇ ಹೇಳಿಕೊಂಡರು. ಅವನು ಅದಕ್ಕೂ ಹೂಂ ಎಂದ. ಎಷ್ಟು ಎತ್ತರದ ಅಲೆ ಎಂದು ಕೇಳಿದರು. ಅವನು ಸೊಂಟದ ಹತ್ತಿರ ಕೈ ಹಿಡಿದ, ಜನರ ಮುಖ ಬಾಡಿದ್ದು ಕಂಡು ಎದೆಗೆ ಏರಿಸಿದ, ಚಹಾ ಮುಗಿಯುವ ಹೊತ್ತಿಗೆ ಅಲೆ ಅವನ ತಲೆಯ ಮೇಲೆ ಹಾದುಹೋಗಿತ್ತು. ಒಂದು ದೊಡ್ಡ ಮೀನು ಅವನ ಎದೆಗೆ ಬಂದು ಬಡಿಯಿತು ಎಂಬುದು ಇಸ್ಮಾಯಿಲನ ಸೇರ್ಪಡೆ. ಅಂಗಿಯ ಗುಂಡಿ ಹರಿದಿದ್ದರಿಂದ ಅದು ಸಾಬೀತೂ ಆಯಿತು.

ಶೇವಂತಾಬಾಯಿ ಕೊಡ ಕೆಳಗಿಟ್ಟು ಕೇಳುತ್ತ ನಿಂತಿದ್ದಳು. ಜನ ಕರಗಿದ ಮೇಲೆ, "ಸೋಮವಾರ ಬಂದ್ ಇರ್ತದ ಅಂದಿದ್ರಲ್ಲ" ಎಂದಳು.

ತೊಳೆಯಲು ಬಾಗಿಲು ತೆಗೆದಿದ್ದರು ಎಂದ ಪಂಢರಿ. ಅವಳು ಖಾಲಿ ಕೊಡ ಎತ್ತಿಕೊಂಡು ಮನೆಯೊಳಗೆ ಬಂದು, "ನೀರಿನ ಬಣ್ಣ ಹ್ಯಾಂಗಿತ್ತು?" ಎಂದು ಕೇಳಿದಳು.

"ನೀಲಿ" ಎಂದ. ಟ್ರಂಕಿನ ಮೇಲಿನ ಸೀರೆ ಎದುರಿಗೇ ಇತ್ತು, ಅದನ್ನು ನೋಡಿ ಹೇಳಿದ.

ಅವಳು ಊಟ ಬಡಿಸಿದಳು. ಬೆಳಿಗ್ಗೆ ಒಂದು ಚೀಲ ಹಿಡಿದು ಭಾಲ್ಕಿಯ ಬಸ್ಸು ಹತ್ತಿ ತಮ್ಮನ ಮನೆಗೆ ಹೋದಳು. ಜಗಳವಿಲ್ಲ, ಅಳುವಿಲ್ಲ. ಸೀರೆ ಮತ್ತೆ ಟ್ರಂಕಿನ ಒಳಗೆ ಹೋಗಿತ್ತು. ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ನೀವು ನೋಡಿ ಬಂದ್ರಿ, ಛಲೋ ಆಯ್ತು. ಆದ್ರ ನನ್ನ ಬಿಟ್ಟು ನೋಡಿದ್ರಿ."

ಪಂಢರಿ ಆಗಲೇ ಅವಳ ಹಿಂದೆ ಓಡಬೇಕಿತ್ತು. ಓಡಲು ಅಂಗಿಯನ್ನೂ ಹಾಕಿದ. ಆದರೆ ಆ ಹೊತ್ತಿಗೆ ಮಾತಾಡಿಸುವವರು ಬರತೊಡಗಿದ್ದರು.

ನಮ್ಮ ಕಡೆ ಒಬ್ಬನು ಬೈಕಿನಿಂದ ಬಿದ್ದರೆ, ಆಪರೇಷನ್ ಆದರೆ, ಸಾವಿನ ಬಾಯಿಂದ ಪಾರಾದರೆ ಬಳಗವೆಲ್ಲ ಬಾಳೆಹಣ್ಣು, ಬಿಸ್ಕೀಟು ಹಿಡಿದು ಬಂದು ಅವನನ್ನು ಮಾತಾಡಿಸಿ ಹೋಗಬೇಕು. ಬಾರದಿದ್ದರೆ ಆ ಮಾತು ಮೂರು ತಲೆಮಾರು ಉಳಿಯುತ್ತದೆ. ಪಾರಾದವನಿಗೂ ಕರ್ತವ್ಯಗಳಿವೆ. ಅವನು ಮಲಗಿರಬೇಕು, ಬಂದ ಪ್ರತಿಯೊಬ್ಬರಿಗೂ ಮೊದಲಿನಿಂದ ಕತೆ ಹೇಳಬೇಕು, ನಡುನಡುವೆ ನಿಟ್ಟುಸಿರು ಬಿಡಬೇಕು. ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟವನನ್ನು ಮಾತಾಡಿಸುವುದು ಹೇಗೆ? ದಾನಮ್ಮ ಬಂದು ಅವನನ್ನು ಹಿಡಿದು ಮಲಗಿಸಿದಳು. ಬೇಸಿಗೆಯ ಬೇಗೆಯಲ್ಲಿ ಮೈತುಂಬ ಕಂಬಳಿ ಹೊದಿಸಿದಳು. ಅವಳು ದಿನಾ ಲಿಂಗಪೂಜೆ ಮುಗಿಸಿಯೇ ನೀರು ಕುಡಿಯುವ ಕಟ್ಟುನಿಟ್ಟಿನ ಹೆಂಗಸು, ಈ ಪೂಜೆಯಲ್ಲೂ ಲೋಪ ಬರಗೊಡಲಿಲ್ಲ.

ಔರಾದಿನಿಂದ ಸೋದರತ್ತೆ ಕೌಸಲ್ಯಾಬಾಯಿ ಒಂದು ಗೊನೆ ಬಾಳೆಹಣ್ಣಿನೊಂದಿಗೆ ಬಂದಿಳಿದಳು. ಮೊದಲು ಅತ್ತಳು, ಆಮೇಲೆ ಯಾರು ಸತ್ತರು ಎಂದು ವಿಚಾರಿಸಿದಳು. ಸತ್ತದ್ದು ಮೀನು ಮಾತ್ರ ಎಂದು ತಿಳಿದು ಸ್ವಲ್ಪ ನಿರಾಸೆಯಾದಂತೆ ಕಂಡಿತು. ಅಷ್ಟರಲ್ಲಿ ಸೊಸೆ ಮನೆಯಲ್ಲಿ ಇಲ್ಲದ್ದು ಗಮನಕ್ಕೆ ಬಂತು.

"ಗಂಡ ಸಾವಿನ ಬಾಯಾಗಿಂದ ಬಂದಾನ, ಇಕಿ ತವರಿಗಿ ಹೋಗ್ಯಾಳ. ಏನು ಕಾಲ ಬಂತವ್ವಾ."

ಅವಳದೇನೂ ತಪ್ಪಿಲ್ಲ ಆತ್ಯಾ ಎಂದು ಪಂಢರಿ ಕಂಬಳಿಯೊಳಗಿಂದ ಹೇಳಿದ. ಹೆಂಡತಿಯ ತಪ್ಪನ್ನು ಮುಚ್ಚುವ ದೊಡ್ಡ ಮನಸ್ಸು ಎಂದು ಕೌಸಲ್ಯಾಬಾಯಿ ಮತ್ತೊಮ್ಮೆ ಅತ್ತಳು. ಅವಳು ಹೋದ ಮೇಲೆ ಅವನು ಎದ್ದು ಅಂಗಿ ಹಾಕಿದ, ಗೋದಾಮಿನವರು ಬಂದರು. ಅವರು ಹೋದ ಮೇಲೆ ಮತ್ತೆ ಹಾಕಿದ, ಇಸ್ಮಾಯಿಲ ತನ್ನ ಮಾವನ ಮನೆಯವರನ್ನು ಆಟೋದಲ್ಲಿ ತುಂಬಿಕೊಂಡು ಬಂದ. ಮನೆಯಲ್ಲಿ ಬಾಳೆಹಣ್ಣಿನ ವಾಸನೆಗೆ ಉಸಿರು ಕಟ್ಟುತ್ತಿತ್ತು. ಹೆಂಡತಿಗೆ ಫೋನು ಮಾಡಿದರೆ ಅವಳು ಎತ್ತಿ, ಹಾಲಿನವನಿಗೆ ಎಷ್ಟು ಹಾಲು ಹೇಳಬೇಕು, ಒಗೆದ ಬಟ್ಟೆ ಎಲ್ಲಿದೆ ಎಂದಷ್ಟೇ ಹೇಳಿ ಇಡುತ್ತಿದ್ದಳು. ಪಂಢರಿ ಸಂಜೆ ಹೊತ್ತು ಟ್ರಂಕಿನ ಮೇಲೆ ಕೂತು ಓಣಿಯ ತುದಿ ನೋಡುತ್ತಿದ್ದ. ಭಾಲ್ಕಿಯ ಬಸ್ಸು ಬಂದು ನಿಲ್ಲುವುದು ಆ ಕಡೆಯೇ.

ಊರಿನಲ್ಲಿ ಅಕ್ವೇರಿಯಂ ಯಾಕೆ ಒಡೆಯಿತು ಎಂಬುದೇ ಮಾತು. ಇದ್ದಾಗ ನೋಡಲು ಹೋಗದ ಜನ ಒಡೆದ ಮೇಲೆ ಗುಂಪು ಗುಂಪಾಗಿ ನೋಡಲು ಹೋದರು. ಪೊಲೀಸರ ಹಗ್ಗದ ಆಚೆ ಮುರಿದ ಗಾಜಿನ ಬಾಗಿಲು ಬಿಟ್ಟರೆ ಏನೂ ಕಾಣದು, ಆದರೂ ಪಕ್ಕದಲ್ಲಿ ಶೇಂಗಾ ಮಾರುವವರು ಬಂದು ಕೂತರು. ಸೆಖೆಗೆ ಒಡೆಯಿತು ಎಂದರು ಕೆಲವರು. ಮೀನು ಮೀನು ಜಗಳಾಡಿ ಒಡೆಯಿತು ಎಂದರು. ಕೋಟೆಯ ಹಳೆಯ ಸುರಂಗ ಅದರ ಕೆಳಗೆ ಹಾದಿದೆ, ಸುಲ್ತಾನರು ಆಗಲೇ ಎಚ್ಚರಿಸಿದ್ದರು ಎಂದು ನಿವೃತ್ತ ಮಾಸ್ತರರೊಬ್ಬರು ವಾದಿಸಿದರು. ಅಗ್ಗದ ಗಾಜು ಹಾಕಿರಬಹುದು ಎಂಬ ಮಾತು ಮಾತ್ರ ಯಾವ ಚಹಾದಂಗಡಿಯಲ್ಲೂ ಜೋರಾಗಿ ಕೇಳಿಸಲಿಲ್ಲ. ಬಗದಲ್ ಕಡೆಯ ರೈತನೊಬ್ಬ ಗಟಾರದಲ್ಲಿ ಸಿಕ್ಕ ಪಟ್ಟೆಪಟ್ಟೆ ಮೀನನ್ನು ಬಾಟಲಿಯಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದನೆಂದೂ ಕಂಡಕ್ಟರ್ ಅದಕ್ಕೆ ಅರ್ಧ ಟಿಕೆಟ್ ಕೇಳಿದನೆಂದೂ ಸುದ್ದಿ.

ಒಡೆದ ಹೊತ್ತಿಗೆ ಮಾಲಿನ ಕಾವಲುಗಾರ ಚಹಾಕ್ಕೆ ಹೋಗಿದ್ದ, ಕ್ಯಾಮೆರಾ ನೋಡುವವನೂ ಚಹಾಕ್ಕೆ ಹೋಗಿದ್ದ, ಕ್ಯಾಮೆರಾ ಕೆಟ್ಟಿತ್ತು. ಹೀಗಾಗಿ ವಿಚಾರಣಾ ಸಮಿತಿಯ ಪ್ರವೀಣಕುಮಾರ ಸಾಹೇಬರಿಗೆ ಲೋಕದಲ್ಲಿ ಇದ್ದ ಒಂದೇ ಕಣ್ಣು ಪಂಢರಿಯದು. ಅವರು ಜೀಪಿನಲ್ಲಿ ಬಂದರು. ಅವರಿಗೂ ಬಾಳೆಹಣ್ಣು ಕೊಟ್ಟರು. ಬಿರುಕು ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಎಂದು ಸಾಹೇಬರು ಕೇಳಿದರು. ಮೇಲಿನದಾದರೆ ಮಾಲಿನವರ ತಪ್ಪು, ಕೆಳಗಿನದಾದರೆ ಕಟ್ಟಿದವರ ತಪ್ಪು ಎಂದೂ ತಾವೇ ತಿಳಿಸಿದರು. ಯಾರಿಗೂ ಬೇಸರವಾಗಬಾರದೆಂದು ಪಂಢರಿ, ನಡುವಿನಿಂದ ಎಂದ. ಸಾಹೇಬರ ಮುಖ ಅರಳಿತು. ನಡುವಿನಿಂದ ಎಂದರೆ ಯಾರ ತಪ್ಪೂ ಅಲ್ಲ. ಸೋಮವಾರ ಸ್ಥಳಕ್ಕೆ ಬಂದು ಎಲ್ಲಿ ನಿಂತಿದ್ದೆ ಎಂದು ತೋರಿಸಬೇಕು, ಅಷ್ಟು ಮಾಡಿದರೆ ಮುಗಿಯಿತು ಎಂದು ಬೆನ್ನು ತಟ್ಟಿ ಹೋದರು.

ಶನಿವಾರ ಭಾಲ್ಕಿಯಿಂದ ಹೆಂಡತಿಯ ತಮ್ಮ ರಾಜರತ್ನನ ಫೋನು ಬಂತು. ಪಾರಾಗಿ ಬಂದ ಅಳಿಯನಿಗೆ ತವರಿನವರು ಹೊಸ ಬಟ್ಟೆಯ ಆಹೇರ ಮಾಡಬೇಕಾದದ್ದು ರೂಢಿ. ಭಾನುವಾರ ವಿಹಾರದಲ್ಲಿ ವಂದನೆ ಆದ ಮೇಲೆ ಎಲ್ಲರ ಎದುರಿಗೆ ಮಾಡುತ್ತೇವೆ, ಬರಲೇಬೇಕು ಎಂದ. ಕರೆಯಲು ಅಕ್ಕ ಹೇಳಿದಳೇ ಎಂದು ಪಂಢರಿ ಕೇಳಿದ. ರಾಜರತ್ನ, "ಅಕ್ಕ ಏನೂ ಹೇಳೂದಿಲ್ರಿ ಭಾವಾ. ಬಾಗಲದಾಗ ಕುಂದರ್ತಾಳ" ಎಂದ.

ಭಾನುವಾರ ಪಂಢರಿ ಓಣಿಯವರ ಕಣ್ಣು ತಪ್ಪಿಸಿ ಬಸ್ಸು ಹತ್ತಿದ. ಬಸ್ಸಿನವರ ಕಣ್ಣು ತಪ್ಪಿಸಲಾಗಲಿಲ್ಲ. ಅವನ ಫೋಟೋ ಅಷ್ಟರಲ್ಲಿ ಎಲ್ಲರ ಮೊಬೈಲಿನಲ್ಲಿತ್ತು. ಡ್ರೈವರನ ಹಿಂದಿನ ಸೀಟು ಬಿಟ್ಟುಕೊಟ್ಟರು. ಭಾಲ್ಕಿ ಮುಟ್ಟುವವರೆಗೆ ಅಲೆ ಮತ್ತೆ ಎದ್ದಿತು, ಮೀನು ಮತ್ತೆ ಬಡಿಯಿತು. ಅವನು ಏನೂ ಹೇಳಲಿಲ್ಲ, ಪಕ್ಕದಲ್ಲಿದ್ದವನೇ ಹಿಂದಿನವರಿಗೆ ಹೇಳಿಕೊಂಡು ಬಂದ.

ವಿಹಾರ ತುಂಬಿತ್ತು. ಬುದ್ಧನ ಮೂರ್ತಿ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ, ಮೇಣದ ಬತ್ತಿ. ಹೆಂಗಸರ ಸಾಲಿನಲ್ಲಿ ಬಿಳಿ ಸೀರೆಯುಟ್ಟು ಶೇವಂತಾಬಾಯಿ. ಅವನನ್ನು ನೋಡಿ, ಸರಿಯಾಗಿ ಊಟ ಮಾಡಿಲ್ಲ ಎಂದು ಗುರುತು ಹಚ್ಚಿ, ಮುಖ ತಿರುಗಿಸಿದಳು. ರಾಜರತ್ನ ಭಾವನನ್ನು ಮುಂದೆ ಕೂರಿಸಿದ. ಆಹೇರದ ತಟ್ಟೆಯಲ್ಲಿ ಬಿಳಿ ಅಂಗಿ, ಧೋತರ, ಮೇಲೊಂದು ಹೂವಿನ ಹಾರ ಇತ್ತು.

ಪಂಚಶೀಲ ಶುರುವಾಯಿತು. ಎಲ್ಲರೂ ಒಂದೇ ದನಿಯಲ್ಲಿ ಹೇಳಬೇಕು. ಕೊಲ್ಲುವುದಿಲ್ಲ ಎಂಬುದನ್ನು ಪಂಢರಿ ಗಟ್ಟಿಯಾಗಿ ಹೇಳಿದ, ಅವನು ಇರುವೆಯನ್ನೂ ಕೊಂದವನಲ್ಲ. ಕದಿಯುವುದಿಲ್ಲ ಎಂಬುದನ್ನು ಇನ್ನೂ ಗಟ್ಟಿಯಾಗಿ ಹೇಳಿದ. ವ್ಯಭಿಚಾರ ಮಾಡುವುದಿಲ್ಲ ಎಂಬ ಮೂರನೆಯದನ್ನು ಹೆಂಡತಿಯ ಕಡೆ ನೋಡಿ ಹೇಳಿದ. ನಾಲ್ಕನೆಯದು ಸುಳ್ಳಾಡುವುದಿಲ್ಲ ಎಂಬ ಶೀಲ. ಪಂಢರಿ ಬಾಯಿ ತೆರೆದ, ದನಿ ಬರಲಿಲ್ಲ. ಇಡೀ ವಿಹಾರ ಐದನೆಯದಕ್ಕೆ ದಾಟಬೇಕು, ಮುಂದಿನ ಸಾಲಿನಲ್ಲಿ ಕೂತ ಅತಿಥಿ ನಾಲ್ಕರಲ್ಲೇ ಗಾಡಿ ಕೆಟ್ಟವನಂತೆ ನಿಂತಿದ್ದಾನೆ. ಹಿಂದಿನವರು ಕಾದರು. ಯಾರೋ ಕೆಮ್ಮಿದರು. ಮತ್ತೆ ನಾಲ್ಕನೆಯದನ್ನೇ ಹೇಳಿಕೊಟ್ಟರು. ಮತ್ತೆ ಅಲ್ಲೇ ನಿಂತ.

"ನಾ ನೋಡಿಲ್ರಿ" ಎಂದ ಕೊನೆಗೆ. "ನಾ ಅಲ್ಲಿ ಇರಲೇ ಇಲ್ಲ. ಟ್ಯಾಂಕರಿನ ವಾಲ್ವ್ ಉಲ್ಟಾ ತಿರುವಿ ತೊಯ್ಸಿಕೊಂಡೀನಿ. ಓಣಿ ನೀರೆಲ್ಲ ಚೆಲ್ಲೀನಿ."

ಆಮೇಲೆ ರಾಜರತ್ನ ಬಂದು ಭಾವನ ಹಣೆ ಮುಟ್ಟಿ ನೋಡಿದ. ಜನ ತಮ್ಮ ತಮ್ಮಲ್ಲೇ ನಿರ್ಧಾರಕ್ಕೆ ಬಂದರು. ತಲೆಗೆ ಪೆಟ್ಟು ಬಿದ್ದವರಿಗೆ ಹೀಗೆ ನೆನಪು ಹೋಗುತ್ತದೆ, ಅಷ್ಟು ದೊಡ್ಡ ಅಲೆ ಬಡಿದರೆ ಯಾರಿಗಾದರೂ ಆಗುವುದೇ. ಒಬ್ಬ ಹಿರಿಯರು ಕಲಬುರಗಿಯ ಡಾಕ್ಟರರ ಹೆಸರು ಹೇಳಿದರು. ಇನ್ನೊಬ್ಬರು ನೀರು ಕುಡಿಸಲು ಹೋಗಿ, ಬೇಡ, ನೀರು ಕಂಡರೆ ಹೆದರ್ತಾನ ಎಂದು ಲೋಟ ಹಿಂದಕ್ಕೆ ತೆಗೆದರು. ಸುಳ್ಳನ್ನು ಒಂದೇ ಒಂದು 'ಹೂಂ'ಗೆ ನಂಬಿದ ಲೋಕ ಸತ್ಯಕ್ಕೆ ಡಾಕ್ಟರ ಚೀಟಿ ಕೇಳುತ್ತಿತ್ತು.

ಶೇವಂತಾಬಾಯಿ ಎದ್ದು ಬಂದು ಎದುರಿಗೆ ನಿಂತಳು. "ಬಣ್ಣ ಹ್ಯಾಂಗಿತ್ತು?"

"ನಂಗೇನು ಗೊತ್ತು. ನಿನ್ನ ಸೀರಿ ನೋಡಿ ನೀಲಿ ಅಂದೆ."

"ನೋಡಿಲ್ಲಂದ್ರ ಇಷ್ಟು ದಿನ ನನ್ನ ಯಾಕ ಕರ್ಕೊಂಡು ಹೋಗಲಿಲ್ಲ? ಮಾಲಕನ ಮಾತು ಬ್ಯಾಡ. ಖರೇ ಹೇಳ್ರಿ."

ಪಂಢರಿ ನೆಲ ನೋಡಿದ. ಈಗ ಅವಳಿಗೆ ಹೇಳಿದ, ಆದ್ದರಿಂದ ನಿಮಗೂ ಹೇಳಬಹುದು. ಮಾಲ್ ತೆರೆದ ಹೊಸತರಲ್ಲಿ ಅವನು ಒಂದು ಸಂಜೆ ಗೋದಾಮಿನಿಂದ ನೇರ ಅಲ್ಲಿಗೆ ಹೋಗಿದ್ದ. ಹೆಂಡತಿಯನ್ನು ಕರೆತರುವ ಮೊದಲು ದಾರಿ, ಟಿಕೆಟ್ಟು ಎಲ್ಲ ತಿಳಿದುಕೊಂಡು ಬರೋಣ, ದಾದರಿನ ಹಾಗೆ ಆಗುವುದು ಬೇಡ ಎಂದು. ಬಾಗಿಲ ಕಾವಲುಗಾರ ಅವನ ಚಪ್ಪಲಿ ನೋಡಿದ, ಗೋದಾಮಿನ ಅಂಗಿ ನೋಡಿದ, ಲೇಬರ್ ಹಿಂದಿನ ಬಾಗಿಲಿಗೆ ಎಂದ. ಪಂಢರಿ ಹೂಂ ಎಂದ. ಟಿಕೆಟ್ಟು ಕೊಡುವುದು ಹಿಂದೆಯೇ ಇರಬೇಕೆಂದು ಹಿಂದೆ ಹೋದ. ಅಲ್ಲೊಂದು ಲಾರಿ ನಿಂತಿತ್ತು. ಯಾರೋ ಒಬ್ಬ, ಯಾಕೆ ತಡ ಎಂದು ಬೈದು ಅವನ ಹೆಗಲಿಗೆ ಒಂದು ಚೀಲ ಏರಿಸಿದ. ಅಲ್ಲ ಎಂದು ಹೇಳುವಷ್ಟರಲ್ಲಿ ಎರಡನೆಯದು ಬಂತು.

"ಲಾರಿ ಖಾಲಿ ಆಗೋತನಕ ಹೊತ್ತೆ. ಉಪ್ಪಿನ ಚೀಲ. ನೀರನ್ನ ಸಮುದ್ರ ಮಾಡ್ಲಿಕ್ಕ ಉಪ್ಪು ಹಾಕ್ತಾರಂತ. ಗ್ವಾಡಿ ಆ ಕಡೆ ಮೀನು ಇತ್ತು, ಈ ಕಡೆ ನಾ ಇದ್ದೆ. ಅದೇ ಬಾಗಲಕ್ಕ ನಿನ್ನ ಹ್ಯಾಂಗ ಕರ್ಕೊಂಡು ಹೋಗ್ಲಿ? ನೀಲಿ ಸೀರಿ ಉಟ್ಕೊಂಡು ಬಂದಿರ್ತಿ, ಅಂವ ನಿಂಗೂ ಹಿಂದ ಹೋಗು ಅಂದ್ರ?"

ಯಾರೂ ಡಾಕ್ಟರರ ಹೆಸರು ಹೇಳಲಿಲ್ಲ. ಹಿಂದಿನ ಬಾಗಿಲು ಆ ವಿಹಾರದಲ್ಲಿ ಕೂತ ಎಲ್ಲರಿಗೂ ಗೊತ್ತಿದ್ದ ಬಾಗಿಲು. ಅದಕ್ಕೆ ಸಾಕ್ಷಿ ಬೇಕಿರಲಿಲ್ಲ.

"ಆ ಅಂಗಿ ನಾನೇ ಒಗದೀನಿ" ಎಂದಳು ಶೇವಂತಾಬಾಯಿ. "ಹೆಗಲ ಮ್ಯಾಲ ಬೆಳ್ಳಗ ಕಲಿ ಬಿದ್ದಿತ್ತು. ಬೆವರು ಅನ್ಕೊಂಡಿದ್ದೆ."

ಆಮೇಲೆ ಅವಳು ಅವನ ಪಕ್ಕದಲ್ಲಿ ಕೂತು, ನಾಲ್ಕನೆಯದನ್ನು ಮೊದಲಿನಿಂದ ಹೇಳಿಸಿದಳು. ಆಹೇರದ ತಟ್ಟೆಯನ್ನು ಏನು ಮಾಡುವುದೆಂದು ರಾಜರತ್ನನಿಗೆ ತಿಳಿಯದೆ, ಪಾರಾದದ್ದಕ್ಕಲ್ಲದಿದ್ದರೆ ಉಪ್ಪು ಹೊತ್ತದ್ದಕ್ಕೆ ಇರಲಿ ಎಂದು ಭಾವನ ಕೈಗಿಟ್ಟ.

ಅವರಿಬ್ಬರೂ ಬೀದರಿನಲ್ಲಿ ಇಳಿಯುವ ಮೊದಲೇ ಸುದ್ದಿ ಓಣಿಗೆ ಬಂದಿಳಿದಿತ್ತು. ಹೆಂಗಸರು ಖಾಲಿ ಕೊಡಗಳ ಸಾಲಿನ ಹಿಂದೆ ನ್ಯಾಯಾಧೀಶರಂತೆ ನಿಂತಿದ್ದರು. ಸಮುದ್ರದ ಸುಳ್ಳನ್ನು ಅವರು ಕ್ಷಮಿಸಿದರು, ಟ್ಯಾಂಕರನ್ನು ಕ್ಷಮಿಸಲಿಲ್ಲ. ಮಳೆ ಬೀಳುವವರೆಗೆ ಟ್ಯಾಂಕರ್ ಕರೆತರುವ ಪಾಳಿ ಪಂಢರಿಯದೇ, ವಾಲ್ವ್ ಮುಟ್ಟುವ ಹಕ್ಕು ಮಾತ್ರ ಅವನಿಗಿಲ್ಲ ಎಂದು ದಾನಮ್ಮ ತೀರ್ಪು ಕೊಟ್ಟಳು. ಉಳಿದ ಬಾಳೆಹಣ್ಣನ್ನು ಓಣಿಗೆ ಹಂಚಿದರು.

ಸೋಮವಾರ ಬೆಳಿಗ್ಗೆ ಜೀಪು ಬಂತು. ಸಾಹೇಬರ ಕಣ್ಣಾದ ಪಂಢರಿ ಬಿಳಿ ಅಂಗಿ ತೊಟ್ಟು ನಿಂತಿದ್ದ. ಪಕ್ಕದಲ್ಲಿ ನೀಲಿ ಇಳಕಲ್ ಸೀರೆಯ ಶೇವಂತಾಬಾಯಿ. ತಾನು ಏನೂ ನೋಡಿಲ್ಲ ಎಂದು ಪಂಢರಿ ಸಾಹೇಬರಿಗೆ ಕೈ ಮುಗಿದು ತಿಳಿಸಿದ. ಪ್ರವೀಣಕುಮಾರ ಸಾಹೇಬರು ಬೆವರು ಒರೆಸಿಕೊಂಡರು. ನಡುವಿನ ಬಿರುಕಿನ ಮಾತು ಆಗಲೇ ಮೇಲಿನವರಿಗೆ ಮುಟ್ಟಿತ್ತು, ಮೇಲಿನವರಿಗೆ ಅದು ಬಹಳ ಹಿಡಿಸಿತ್ತು.

"ನೀವು ನೋಡಿಲ್ಲ ಅನ್ನಾಕ ನಿಮ್ಮ ಹತ್ರ ಸಾಕ್ಷಿ ಏನದರಿ?" ಎಂದು ಕೇಳಿದರು.

ಇದಕ್ಕೆ ಉತ್ತರ ಯಾವ ಕಾನೂನು ಪಂಡಿತನಲ್ಲೂ ಇರಲಾರದು. ಪಂಢರಿ ಹೂಂ ಎನ್ನಲು ಬಾಯಿ ತೆರೆದ, ಶೇವಂತಾಬಾಯಿ ಅವನ ಕೈ ಹಿಸುಕಿದಳು. ಬಾಯಿ ಮುಚ್ಚಿದ. ಸರಿ, ಸ್ಥಳವನ್ನಾದರೂ ನೋಡಿ, ನೆನಪಾಗಬಹುದು ಎಂದು ಸಾಹೇಬರು ಇಬ್ಬರನ್ನೂ ಜೀಪು ಹತ್ತಿಸಿದರು.

ಹಗ್ಗದ ಆಚೆ ಜನ ಇನ್ನೂ ನಿಂತಿದ್ದರು. ಜೀಪು ನಿಂತದ್ದು ಮುಂದಿನ ಬಾಗಿಲಿಗೆ. ಅದೇ ಕಾವಲುಗಾರ ಓಡಿಬಂದು ಸಾಹೇಬರಿಗೆ ಸೆಲ್ಯೂಟ್ ಹೊಡೆದು, ಬಾಗಿಲು ಹಿಡಿದು ನಿಂತ. ಶೇವಂತಾಬಾಯಿ ಮೊದಲು ಹೋದಳು. ಹೋಗುವಾಗ ನಿಂತು ತನ್ನ ಚಪ್ಪಲಿಯನ್ನು ಅವನಿಗೆ ಕಾಣುವಂತೆ ಸ್ವಲ್ಪ ಮುಂದೆ ಚಾಚಿದಳು. ಅವನು ಕಟ್ಟಡದ ಮಾಳಿಗೆ ನೋಡುತ್ತ ನಿಂತ.

ಒಳಗೆ ಸಮುದ್ರವಿರಲಿಲ್ಲ. ನಡುವೆ ಒಂದು ದೊಡ್ಡ ಸಿಮೆಂಟಿನ ಕಟ್ಟೆ, ಅದರ ಅಂಚಿನಲ್ಲಿ ಹಲ್ಲು ಬಿದ್ದ ಒಸಡಿನಂತೆ ಗಾಜಿನ ಮೊಂಡು ತುದಿಗಳು. ನೀರು ಹರಿದು ಹೋದ ಕಡೆಯೆಲ್ಲ ಕಪ್ಪು ಕಲ್ಲಿನ ನೆಲದ ಮೇಲೆ ಬಿಳಿಯ ಅಲೆಗಳು ಒಂದರ ಹಿಂದೊಂದು ಒಣಗಿ ನಿಂತಿದ್ದವು. ಸಾಹೇಬರು ಎಲ್ಲಿ ನಿಂತಿದ್ದಿರಿ, ತೋರಿಸಿ ಎಂದು ಕೇಳುತ್ತಲೇ ಇದ್ದರು. ಪಂಢರಿ ಹಿಂದಿನ ಬಾಗಿಲ ಕಡೆ ಕೈ ತೋರಿಸಿದ. ಅದನ್ನು ಅವರು ಬರೆದುಕೊಳ್ಳಲಿಲ್ಲ.

ಶೇವಂತಾಬಾಯಿ ಒಂದು ಅಲೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಳು. ಬೆರಳಿನಿಂದ ಅದರ ಅಂಚು ಮುಟ್ಟಿ, ಬಾಯಿಗೆ ಹಚ್ಚಿ, ಕಣ್ಣು ಮುಚ್ಚಿದಳು. ದಾದರಿನ ಗೋಡೆಯ ಸಪ್ಪಳ ಅವಳಿಗೆ ಕೇಳಿಸಿತೋ ಏನೋ, ನಾವು ಕೇಳುವಂತಿಲ್ಲ.

"ಅದೇ ಅದ" ಎಂದಳು. "ನೀವು ಹೊತ್ತಿದ್ದು ಇದೇ ಏನು?"

"ಇದೇ."

"ನೀಲಿ ಎಲ್ಲದರಿ? ಬೆಳ್ಳಗದ ನೋಡ್ರಿ ಸಮುದ್ರ" ಎಂದು ಮತ್ತೊಮ್ಮೆ ಬೆರಳು ಒತ್ತಿ ಗಂಡನ ಕಡೆ ಚಾಚಿದಳು.

ಪ್ರವೀಣಕುಮಾರ ಸಾಹೇಬರು ಗಾಬರಿಯಾಗಿ ಓಡಿಬಂದರು. ಇದೆಲ್ಲ ಸರ್ಕಾರದ ವಶದಲ್ಲಿರುವ ಸಾಕ್ಷ್ಯ, ನೆಕ್ಕುವ ಹಾಗಿಲ್ಲ ಎಂದರು. ಅಷ್ಟರಲ್ಲಿ ಪಂಢರಿ ತನ್ನ ಪಾಲಿನದನ್ನು ನೆಕ್ಕಿಯಾಗಿತ್ತು.